ಮಾಡಿ ನೋಡಿ ಕಲಿತ ಮೈಕೆಲ್ ಫ್ಯಾರಡೆ



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಕಾಮರ್ಸ್ ಓದುವವಳು ವಿಜ್ಞಾನಿಯೊಬ್ಬರ ಜೀವನಚರಿತ್ರೆ ಏಕೆ ಬರೆಯುತ್ತಿದ್ದಾಳೆ ಎಂದು ಸೈನ್ಸ್ ವಿಭಾಗದ ಗೆಳತಿಯರು ಕೇಳಬಹುದು. ಕಾರಣ ಸರಳವಾಗಿದೆ. ನಾನು ಆರಿಸಿಕೊಂಡಿರುವ ಮೈಕೆಲ್ ಫ್ಯಾರಡೆಯವರು ಯಾವ ಕಾಲೇಜಿನಲ್ಲೂ ಓದಿದವರಲ್ಲ. ಹದಿನಾಲ್ಕನೇ ವಯಸ್ಸಿಗೆ ಒಂದು ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದವರು. ಅಂಥ ಹುಡುಗರು ನಮ್ಮ ಮೊಹಲ್ಲಾದಲ್ಲಿ ಬಹಳ ಮಂದಿ ಇದ್ದಾರೆ, ನಮ್ಮ ಬಂಧುಗಳಲ್ಲೂ ಇದ್ದಾರೆ. ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ, ಟೈಲರ್ ಅಂಗಡಿಯಲ್ಲಿ ಅವರನ್ನು ನೋಡುತ್ತೇವೆ. ಓದು ತಲೆಗೆ ಹತ್ತಲಿಲ್ಲ, ಅದಕ್ಕೇ ಕೆಲಸಕ್ಕೆ ಹಾಕಿದರು ಎಂದು ಅವರ ಬಗ್ಗೆ ಸುಲಭವಾಗಿ ಹೇಳಿಬಿಡುತ್ತೇವೆ. ಫ್ಯಾರಡೆಯವರ ಜೀವನ ಓದಿದ ಮೇಲೆ ಆ ಮಾತು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನಲ್ಲಿ, ಇಂದು ಲಂಡನ್ ನಗರದೊಳಗೆ ಸೇರಿಹೋಗಿರುವ ನ್ಯೂಯಿಂಗ್ಟನ್ ಎಂಬ ಜಾಗದಲ್ಲಿ. ತಂದೆ ಜೇಮ್ಸ್ ಕಮ್ಮಾರರು. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಕೆಲಸಕ್ಕೆ ಗಟ್ಟಿ ದೇಹ ಬೇಕು. ಆದರೆ ಅವರಿಗೆ ಆರೋಗ್ಯ ಸರಿ ಇರಲಿಲ್ಲ, ದಿನವೂ ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ. ನಾಲ್ಕು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಆ ಮನೆಯಲ್ಲಿ ಹುಡುಗನ ಪಾಲಿಗೆ ವಾರಕ್ಕೆ ಒಂದೇ ಬ್ರೆಡ್ ಸಿಗುತ್ತಿತ್ತಂತೆ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ.

1804ರಲ್ಲಿ ಹುಡುಗ ಬ್ಲ್ಯಾಂಡ್‌ಫೋರ್ಡ್ ಬೀದಿಯಲ್ಲಿದ್ದ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಗೆ ಸೇರಿದ. ಮೊದಲು ಮನೆಮನೆಗೆ ಪತ್ರಿಕೆ ಹಾಕಿ ಬರುವ ಕೆಲಸ. ಒಂದು ವರ್ಷದ ನಂತರ ಅದೇ ಅಂಗಡಿಯಲ್ಲಿ ಬುಕ್ ಬೈಂಡಿಂಗ್ ಕಲಿಯಲು ಏಳು ವರ್ಷದ ಕರಾರಾಯಿತು. ಆಗಿನ ಕಾಲದಲ್ಲಿ ಕೆಲಸ ಕಲಿಸುವುದಕ್ಕೆ ಮಾಲೀಕನಿಗೇ ಹಣ ಕೊಡಬೇಕಿತ್ತು. ಹುಡುಗ ನಿಷ್ಠೆಯಿಂದ ದುಡಿದಿದ್ದನ್ನು ನೋಡಿ ರೀಬೋ ಆ ಹಣ ತೆಗೆದುಕೊಳ್ಳಲಿಲ್ಲ. ಹಾಳೆಗಳನ್ನು ಮಡಿಸುವುದು, ಸೂಜಿ ದಾರದಿಂದ ಹೊಲಿಯುವುದು, ಅಂಟು ಹಚ್ಚುವುದು, ರಟ್ಟು ಕಟ್ಟುವುದು, ಚರ್ಮ ಹೊದಿಸುವುದು, ಇವೆಲ್ಲ ಅವನ ದಿನದ ಕೆಲಸವಾದವು. ಈ ಕೆಲಸದಿಂದ ಅವನ ಕೈಗೆ ಒಂದು ಅಚ್ಚುಕಟ್ಟುತನ ಬಂತು. ಮುಂದೆ ಪ್ರಯೋಗಾಲಯದಲ್ಲಿ ಅವನನ್ನು ಕಾಪಾಡಿದ್ದು ಇದೇ ಕೈ.

ಬೈಂಡಿಂಗ್ ಮಾಡುವ ಹುಡುಗನಿಗೆ ಒಂದು ಲಾಭವಿತ್ತು. ಹೊಲಿಯಲು ಬಂದ ಪುಸ್ತಕವನ್ನು ಓದಬಹುದಿತ್ತು. ಒಮ್ಮೆ ಬ್ರಿಟಾನಿಕಾ ವಿಶ್ವಕೋಶದ ಒಂದು ಸಂಪುಟ ಕೈಗೆ ಬಂತು. ಅದರಲ್ಲಿ ವಿದ್ಯುತ್ತಿನ ಬಗ್ಗೆ ದೀರ್ಘ ಲೇಖನವಿತ್ತು. ಇನ್ನೊಮ್ಮೆ ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಸಾಮಾನ್ಯ ಓದುಗರಿಗಾಗಿ ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕ ಅದು. ದೊಡ್ಡವರಾದ ಮೇಲೂ ಫ್ಯಾರಡೆ ಆಕೆಯನ್ನು ತಮ್ಮ ಮೊದಲ ಗುರು ಎಂಬಂತೆ ಗೌರವಿಸುತ್ತಿದ್ದರು. ಇಲ್ಲಿ ನಾವು ಗಮನಿಸಬೇಕಾದದ್ದು ಏನೆಂದರೆ, ಆ ಹುಡುಗ ಓದಿ ಸುಮ್ಮನೆ ಕೂರಲಿಲ್ಲ. ಪುಸ್ತಕದಲ್ಲಿ ಬರೆದದ್ದು ನಿಜವೇ ಎಂದು ಮಾಡಿ ನೋಡಿದ. ಕೈಯಲ್ಲಿದ್ದ ನಾಲ್ಕು ಕಾಸಿನಲ್ಲಿ ಗಾಜಿನ ಬಾಟಲಿ ತಂದು ಸ್ಥಿರ ವಿದ್ಯುತ್ ಹುಟ್ಟಿಸುವ ಯಂತ್ರ ಮಾಡಿಕೊಂಡ. ನಾಣ್ಯದ ಗಾತ್ರದ ತಾಮ್ರದ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ಅದ್ದಿದ ಕಾಗದ, ಹೀಗೆ ಒಂದರ ಮೇಲೊಂದು ಜೋಡಿಸಿ ಬ್ಯಾಟರಿ ಕಟ್ಟಿದ. ಇದಕ್ಕೆಲ್ಲ ಮಾಲೀಕ ರೀಬೋ ಅಡ್ಡಿ ಮಾಡಲಿಲ್ಲ. ಅಂಗಡಿ ಹಾಳಾಗುತ್ತದೆ, ಸಮಯ ಹಾಳಾಗುತ್ತದೆ ಎಂದು ಬೈಯಲಿಲ್ಲ. ಬದಲಿಗೆ ಅಂಗಡಿಗೆ ಬಂದವರಿಗೆ ಹುಡುಗ ಮಾಡಿದ್ದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

1810ರಲ್ಲಿ ಜಾನ್ ಟೇಟಮ್ ಎಂಬವರು ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದಾರೆ ಎಂದು ಮೈಕೆಲ್‌ಗೆ ತಿಳಿಯಿತು. ಒಂದು ಉಪನ್ಯಾಸಕ್ಕೆ ಒಂದು ಷಿಲ್ಲಿಂಗ್ ಶುಲ್ಕ. ಅಷ್ಟು ಹಣ ಅವನ ಬಳಿ ಇರಲಿಲ್ಲ. ಅಣ್ಣ ರಾಬರ್ಟ್ ತಂದೆಯಂತೆಯೇ ಕಮ್ಮಾರ. ತಮ್ಮನಿಗೆ ಅವನು ಆ ಷಿಲ್ಲಿಂಗ್ ಕೊಟ್ಟ. ಅದೇ ವರ್ಷ ತಂದೆ ತೀರಿಕೊಂಡರು. ಮನೆಯ ಭಾರ ಹೆಚ್ಚಾದರೂ ಉಪನ್ಯಾಸಗಳು ನಿಲ್ಲಲಿಲ್ಲ. ಮೈಕೆಲ್ ಕೇಳಿದ್ದನ್ನೆಲ್ಲ ಬರೆದುಕೊಂಡ. ಉಪಕರಣಗಳ ಚಿತ್ರ ಸರಿಯಾಗಿ ಬರೆಯಬೇಕೆಂದು ರೀಬೋ ಅವರ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಚಿತ್ರಕಾರರಿಂದ ಚಿತ್ರ ಬರೆಯುವುದನ್ನು ಕಲಿತ. ಐಸಾಕ್ ವಾಟ್ಸ್ ಎಂಬವರ ಪುಸ್ತಕ ಓದಿ ಯಾವಾಗಲೂ ನೋಟ್‌ಬುಕ್ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡ. ಈ ನೋಟ್‌ಬುಕ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು, ವಿಲಿಯಂ ಡ್ಯಾನ್ಸ್ ಎಂಬವರು, ಹುಡುಗನಿಗೆ ನಾಲ್ಕು ಟಿಕೆಟ್ ಕೊಟ್ಟರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸರ್ ಹಂಫ್ರಿ ಡೇವಿಯವರ ಉಪನ್ಯಾಸದ ಟಿಕೆಟ್‌ಗಳು. ಡೇವಿ ಆ ಕಾಲದ ಬಹಳ ಹೆಸರಾಂತ ರಸಾಯನಶಾಸ್ತ್ರಜ್ಞರು. ಶ್ರೀಮಂತರು ಕುದುರೆ ಗಾಡಿಯಲ್ಲಿ ಬಂದು ಕೇಳುತ್ತಿದ್ದ ಉಪನ್ಯಾಸ ಅದು. ಇಪ್ಪತ್ತು ವರ್ಷದ ಬೈಂಡಿಂಗ್ ಹುಡುಗ ಮೇಲಿನ ಗ್ಯಾಲರಿಯಲ್ಲಿ ಕುಳಿತು ನಾಲ್ಕು ಉಪನ್ಯಾಸಗಳನ್ನೂ ಬರೆದುಕೊಂಡ. ಮನೆಗೆ ಬಂದು ಚಿತ್ರಗಳೊಂದಿಗೆ ಶುದ್ಧ ಪ್ರತಿ ಮಾಡಿದ. ಮುನ್ನೂರಕ್ಕೂ ಹೆಚ್ಚು ಪುಟವಾಯಿತು. ಆಮೇಲೆ ತನ್ನ ಕಸುಬಿನಂತೆ ತಾನೇ ಅದನ್ನು ಬೈಂಡ್ ಮಾಡಿದ.

ಅದೇ ವರ್ಷ ಏಳು ವರ್ಷದ ಕರಾರು ಮುಗಿಯಿತು. ಇನ್ನೊಬ್ಬ ಮಾಲೀಕರ ಬಳಿ ಬೈಂಡರ್ ಆಗಿ ಕೆಲಸಕ್ಕೆ ಸೇರಿದ, ಆದರೆ ಮನಸ್ಸು ಅಲ್ಲಿರಲಿಲ್ಲ. ವಿಜ್ಞಾನದಲ್ಲಿ ಎಂಥ ಚಿಕ್ಕ ಕೆಲಸವಾದರೂ ಸರಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಡೇವಿಯವರಿಗೆ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಕಣ್ಣಿಗೆ ಪೆಟ್ಟಾಯಿತು. ಬರೆದುಕೊಡಲು ಒಬ್ಬರು ಬೇಕಾಗಿದ್ದರು. ಕೆಲವು ದಿನ ಆ ಕೆಲಸ ಫ್ಯಾರಡೆಗೆ ಸಿಕ್ಕಿತು. ನಂತರ ತಾನು ಬೈಂಡ್ ಮಾಡಿದ ಆ ಪುಸ್ತಕವನ್ನು ಡೇವಿಯವರಿಗೆ ಕಳಿಸಿದ. ಡೇವಿ ಕರೆದು ಮಾತಾಡಿದರು, ಮೆಚ್ಚಿದರು. ಆದರೆ ಜಾಗ ಖಾಲಿ ಇಲ್ಲ, ಬೈಂಡಿಂಗ್ ಕೆಲಸವನ್ನೇ ನೋಡಿಕೊಳ್ಳುವುದು ಒಳ್ಳೆಯದು ಎಂದು ಬುದ್ಧಿವಾದ ಹೇಳಿ ಕಳಿಸಿದರು. ಕೆಲವೇ ವಾರಗಳಲ್ಲಿ ಅಲ್ಲಿದ್ದ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಫ್ಯಾರಡೆ ಆ ಜಾಗಕ್ಕೆ ನೇಮಕವಾದರು. ವಾರಕ್ಕೆ 25 ಷಿಲ್ಲಿಂಗ್ ಸಂಬಳ, ಕಟ್ಟಡದ ಮೇಲಿನ ಮಹಡಿಯಲ್ಲಿ ಎರಡು ಕೋಣೆ.

ಕೆಲಸ ಏನು? ಸೀಸೆಗಳನ್ನು ತೊಳೆಯುವುದು, ಉಪಕರಣ ಸಿದ್ಧಪಡಿಸುವುದು, ಉಪನ್ಯಾಸದ ಹೊತ್ತಿಗೆ ಎಲ್ಲವನ್ನೂ ಜೋಡಿಸುವುದು. ಸೇರಿದ ಕೆಲವೇ ದಿನಗಳಲ್ಲಿ ಡೇವಿಯವರ ಕಣ್ಣಿಗೆ ಪೆಟ್ಟು ಮಾಡಿದ್ದ ಅದೇ ಅಪಾಯಕಾರಿ ರಾಸಾಯನಿಕ ಫ್ಯಾರಡೆಯವರ ಕೈಯಲ್ಲೂ ಸಿಡಿದು ಬೆರಳಿಗೆ ಗಾಯವಾಯಿತು. ಅವರು ಹೆದರಿ ಬಿಡಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ಡೇವಿ ದಂಪತಿಗಳು ಯುರೋಪ್ ಪ್ರವಾಸಕ್ಕೆ ಹೊರಟಾಗ ಫ್ಯಾರಡೆಯವರನ್ನೂ ಕರೆದುಕೊಂಡು ಹೋದರು. ಹೆಸರಿಗೆ ವಿಜ್ಞಾನದ ಸಹಾಯಕ. ಆದರೆ ಆಳು ಬರಲು ಒಪ್ಪದ ಕಾರಣ ಬಟ್ಟೆಬರೆ ನೋಡಿಕೊಳ್ಳುವ ಆಳಿನ ಕೆಲಸವನ್ನೂ ಮಾಡಬೇಕಾಯಿತು. ಡೇವಿಯವರ ಪತ್ನಿ ಅವರನ್ನು ಆಳಿನಂತೆಯೇ ನಡೆಸಿಕೊಂಡರು. ಫ್ಯಾರಡೆಗೆ ಬಹಳ ನೋವಾಯಿತು, ಅರ್ಧದಲ್ಲೇ ಮನೆಗೆ ಹೋಗಿಬಿಡೋಣ ಎಂದೂ ಅನ್ನಿಸಿತು. ಆದರೂ ಸಹಿಸಿಕೊಂಡರು. ಪ್ಯಾರಿಸ್‌ನಲ್ಲಿ ಆಂಪಿಯರ್ ಅವರನ್ನು, ಮಿಲಾನ್‌ನಲ್ಲಿ ಬ್ಯಾಟರಿ ಕಂಡುಹಿಡಿದ ವೋಲ್ಟಾ ಅವರನ್ನು ನೋಡಿದರು. ಫ್ಲಾರೆನ್ಸ್‌ನಲ್ಲಿ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರವನ್ನೇ ಸುಟ್ಟು, ವಜ್ರವೂ ಇದ್ದಿಲೂ ಒಂದೇ ಧಾತು ಎಂದು ಡೇವಿ ತೋರಿಸಿದಾಗ ಪಕ್ಕದಲ್ಲಿದ್ದು ನೆರವಾದರು. ಹದಿನೆಂಟು ತಿಂಗಳ ಆ ಪ್ರವಾಸವೇ ಅವರ ಕಾಲೇಜು ಎಂದರೆ ತಪ್ಪಲ್ಲ.

1815ರಲ್ಲಿ ಹಿಂದಿರುಗಿದ ಮೇಲೆ ಫ್ಯಾರಡೆ ನಿಧಾನವಾಗಿ ಸ್ವತಂತ್ರವಾಗಿ ಬೆಳೆದರು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿ ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ಕಂಡುಹಿಡಿದರು. ಈ ಸುದ್ದಿ ಯುರೋಪಿನಲ್ಲೆಲ್ಲ ಹರಡಿತು. ಫ್ಯಾರಡೆ ಬೇರೆಯವರ ಪ್ರಯೋಗಗಳನ್ನು ಒಂದೊಂದಾಗಿ ತಾವೇ ಮಾಡಿ ನೋಡಿದರು. ಬೇರೆಯವರು ಬರೆದದ್ದನ್ನು ತಮ್ಮ ಕೈಯಿಂದ ಮಾಡಿ ನೋಡುವವರೆಗೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಹಾಗೆ ಮಾಡುತ್ತಿದ್ದಾಗಲೇ 1821ರ ಸೆಪ್ಟೆಂಬರ್‌ನಲ್ಲಿ ಒಂದು ಬಟ್ಟಲಲ್ಲಿ ಪಾದರಸ ಹಾಕಿ, ನಡುವೆ ಅಯಸ್ಕಾಂತ ನಿಲ್ಲಿಸಿ, ಮೇಲಿನಿಂದ ತಂತಿ ಇಳಿಬಿಟ್ಟು ವಿದ್ಯುತ್ ಹರಿಸಿದರು. ತಂತಿ ಅಯಸ್ಕಾಂತದ ಸುತ್ತ ಗಿರಗಿರನೆ ಸುತ್ತತೊಡಗಿತು. ವಿದ್ಯುತ್ತಿನಿಂದ ನಿಲ್ಲದೆ ಸುತ್ತುವ ಚಲನೆ ಸಿಕ್ಕಿದ್ದು ಅಂದೇ. ಇಂದು ನಮ್ಮ ಮನೆಯ ಫ್ಯಾನು, ಮಿಕ್ಸಿ, ಬೋರ್‌ವೆಲ್ ಪಂಪು ಎಲ್ಲದರ ಮೂಲ ಇಂಥ ಚಲನೆ. ಆ ವರ್ಷವೇ ಅವರಿಗೆ ಸಾರಾ ಬರ್ನಾರ್ಡ್ ಅವರೊಂದಿಗೆ ಮದುವೆಯೂ ಆಯಿತು.

ಇದಾದ ಮೇಲೆ ತೊಂದರೆಯೂ ಬಂತು. ಬೇರೊಬ್ಬ ಹಿರಿಯ ವಿಜ್ಞಾನಿಯ ಯೋಚನೆಯನ್ನು ಕದ್ದಿದ್ದಾರೆ ಎಂಬ ಮಾತು ಹಬ್ಬಿತು. 1824ರಲ್ಲಿ ರಾಯಲ್ ಸೊಸೈಟಿಗೆ ಅವರನ್ನು ಸದಸ್ಯರಾಗಿ ಆರಿಸುವಾಗ ಗುರುವಾದ ಡೇವಿಯವರೇ ವಿರೋಧಿಸಿದರು. ಆದರೂ ಆಯ್ಕೆಯಾದರು. ಮರು ವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನ ಪ್ರಯೋಗಾಲಯದ ನಿರ್ದೇಶಕರಾದರು. ಅದೇ 1825ರಲ್ಲಿ ಬೆಂಜೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸೀಸೆ ತೊಳೆಯಲು ಸೇರಿದವರು ಹನ್ನೆರಡು ವರ್ಷದಲ್ಲಿ ಅಲ್ಲಿಗೇ ಮುಖ್ಯಸ್ಥರಾಗಿದ್ದರು. 1827ರಲ್ಲಿ ಅವರು ಆರುನೂರಕ್ಕೂ ಹೆಚ್ಚು ಪುಟದ ಒಂದು ಪುಸ್ತಕ ಬರೆದರು. ಅದರ ವಿಷಯ ದೊಡ್ಡ ದೊಡ್ಡ ಸಿದ್ಧಾಂತಗಳಲ್ಲ. ಪ್ರಯೋಗಾಲಯದಲ್ಲಿ ಕೈ ಹೇಗೆ ಕೆಲಸ ಮಾಡಬೇಕು ಎಂಬುದು. ತಕ್ಕಡಿಯಲ್ಲಿ ತೂಗುವುದು ಹೇಗೆ, ಸೋಸುವುದು ಹೇಗೆ, ಗಾಜಿನ ಕೊಳವೆ ಕಾಯಿಸಿ ಬಗ್ಗಿಸುವುದು ಹೇಗೆ, ಇಂಥವು. ಹೊಸದಾಗಿ ಕಲಿಯುವವರಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೆಂದು ಅವರಿಗೆ ಗೊತ್ತಿತ್ತು.

ಈಗ ಅವರ ಅತಿ ದೊಡ್ಡ ಸಂಶೋಧನೆಗೆ ಬರುತ್ತೇನೆ. ವಿದ್ಯುತ್ತಿನಿಂದ ಅಯಸ್ಕಾಂತ ಶಕ್ತಿ ಹುಟ್ಟುವುದಾದರೆ, ಅಯಸ್ಕಾಂತದಿಂದ ವಿದ್ಯುತ್ ಏಕೆ ಹುಟ್ಟಬಾರದು? ಈ ಪ್ರಶ್ನೆ ಅವರ ತಲೆಯಲ್ಲಿ ಸುಮಾರು ಹತ್ತು ವರ್ಷ ಇತ್ತು. 1825ರಲ್ಲಿ ಪ್ರಯತ್ನಿಸಿದರು, ಏನೂ ಆಗಲಿಲ್ಲ. 1828ರಲ್ಲಿ ಮತ್ತೆ ಪ್ರಯತ್ನಿಸಿದರು, ಆಗಲೂ ಇಲ್ಲ. ಆಗದಿದ್ದುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

1831ರ ಆಗಸ್ಟ್ 29. ಸುಮಾರು ಆರು ಅಂಗುಲ ಅಗಲದ ಮೆದು ಕಬ್ಬಿಣದ ಬಳೆ ಮಾಡಿಸಿದರು. ಅದರ ಒಂದು ಅರ್ಧಕ್ಕೆ ತಾಮ್ರದ ತಂತಿ ಸುತ್ತಿದರು, ಇನ್ನೊಂದು ಅರ್ಧಕ್ಕೆ ಬೇರೆ ತಂತಿ ಸುತ್ತಿದರು. ತಂತಿಗೆ ತಂತಿ ತಾಗಬಾರದು. ಇಂದಿನಂತೆ ಎನಾಮೆಲ್ ಹಚ್ಚಿದ ತಂತಿ ಆಗ ಇರಲಿಲ್ಲ. ಆದ್ದರಿಂದ ಸುತ್ತುಗಳ ನಡುವೆ ದಾರ ಓಡಿಸಿ, ಪದರಗಳ ನಡುವೆ ಹತ್ತಿ ಬಟ್ಟೆ ಹಾಕಿ ಕೈಯಿಂದಲೇ ಸುತ್ತಬೇಕಾಯಿತು. ಒಂದು ಬದಿಯ ತಂತಿಗೆ ಬ್ಯಾಟರಿ ಜೋಡಿಸಿದರು. ಇನ್ನೊಂದು ಬದಿಯ ತಂತಿಯ ಪಕ್ಕದಲ್ಲಿ ಕಾಂತದ ಮುಳ್ಳು ಇಟ್ಟರು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅಲುಗಾಡಿತು, ಮತ್ತೆ ಸುಮ್ಮನಾಯಿತು. ಬ್ಯಾಟರಿ ತೆಗೆದ ಕ್ಷಣ ಮತ್ತೊಮ್ಮೆ ಅಲುಗಾಡಿತು. ವಿದ್ಯುತ್ ಒಂದೇ ಸಮ ಹರಿಯುತ್ತಿದ್ದಾಗ ಏನೂ ಇಲ್ಲ. ಶುರುವಾಗುವಾಗ ಮತ್ತು ನಿಲ್ಲುವಾಗ ಮಾತ್ರ! ಕಾಂತಶಕ್ತಿ ಬದಲಾಗುವಾಗ ಮಾತ್ರ ವಿದ್ಯುತ್ ಹುಟ್ಟುತ್ತದೆ ಎಂಬ ಗುಟ್ಟು ಹೀಗೆ ಹೊರಬಂತು. ಅಕ್ಟೋಬರ್ 17ರಂದು ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿ ಎಳೆದು ಅದೇ ಫಲ ಪಡೆದರು. ಅಕ್ಟೋಬರ್ 28ರಂದು ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ನಿರಂತರ ವಿದ್ಯುತ್ ಪಡೆದರು. ಮೊದಲನೆಯದು ಟ್ರಾನ್ಸ್‌ಫಾರ್ಮರ್‌ಗೆ ಮೂಲ, ಕೊನೆಯದು ಜನರೇಟರ್‌ಗೆ ಮೂಲ.

ಈ ಬಳೆಯ ಚಿತ್ರವನ್ನು ಪುಸ್ತಕದಲ್ಲಿ ನೋಡಿದಾಗ ನನಗೆ ಅದು ಅಪರಿಚಿತ ಅನ್ನಿಸಲಿಲ್ಲ. ನನ್ನ ಮಾಮು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಬೇಸಿಗೆ ಬಂತೆಂದರೆ ಸುಟ್ಟುಹೋದ ಪಂಪ್ ಮೋಟಾರ್‌ಗಳು ಹಳ್ಳಿಗಳಿಂದ ಟೆಂಪೋದಲ್ಲಿ ಬರುತ್ತವೆ. ಮಾಮು ಹಳೇ ತಂತಿ ಬಿಚ್ಚುವಾಗ ಮೊದಲು ಸುತ್ತು ಎಣಿಸುತ್ತಾರೆ, ತಂತಿಯ ಗೇಜ್ ನೋಡುತ್ತಾರೆ, ಎರಡನ್ನೂ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆಮೇಲೆ ಹೊಸ ಕಾಯಿಲ್ ಸುತ್ತಿ, ಇನ್ಸುಲೇಷನ್ ಕಾಗದ ಹಾಕಿ ಕೂರಿಸಿ, ದಾರದಿಂದ ಕಟ್ಟಿ, ವಾರ್ನಿಷ್ ಹೊಯ್ದು ಒಣಗಿಸುತ್ತಾರೆ. ಒಂದು ಸುತ್ತು ತಂತಿ ಇನ್ನೊಂದಕ್ಕೆ ತಾಗಿದರೂ ಮೋಟಾರ್ ಮತ್ತೆ ಸುಡುತ್ತದೆ. ಅಂಗಡಿಯಲ್ಲಿ ಅವರ ಜೊತೆ ನನ್ನ ಕಸಿನ್ ಭಾಯಿಯೂ ಇದ್ದಾರೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವರು. ಮೋಟಾರ್ ತಿರುಗುವ ಶಬ್ದ ಕೇಳಿಯೇ ಬೇರಿಂಗ್ ಹೋಗಿದೆಯೋ ವೈಂಡಿಂಗ್ ಹೋಗಿದೆಯೋ ಹೇಳುತ್ತಾರೆ. ಆದರೆ ಬಂಧುಗಳು ಸೇರಿದಾಗ ಯಾರು ಏನು ಓದುತ್ತಿದ್ದಾರೆ ಎಂಬ ಮಾತು ಬಂದರೆ ಅವರು ಎದ್ದು ಹೊರಗೆ ಹೋಗುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾನು ಆ ಅಂಗಡಿಯ ಲೆಕ್ಕ ಬರೆಯುತ್ತೇನೆ. ಡೆಬಿಟ್ ಕ್ರೆಡಿಟ್ ತರಗತಿಯಲ್ಲಿ ಕಲಿತದ್ದೇ, ಮಾರ್ಕ್ಸೂ ಬಂದಿದೆ. ಆದರೆ ಬ್ಯಾಡ್ ಡೆಟ್ಸ್ ಎಂದರೆ ಏನೆಂದು ಅರ್ಥವಾದದ್ದು ಎರಡು ವರ್ಷದಿಂದ ವಸೂಲಾಗದ ಉದ್ದರಿಯನ್ನು ಬಿಟ್ಟುಬಿಡು ಎಂದು ಮಾಮು ಹೇಳಿದ ದಿನ. ಅಂದು ಆ ಎಂಟ್ರಿ ಬರೆಯುವಾಗ ಅದರ ಹಿಂದೆ ಎಷ್ಟು ತಾಮ್ರ, ಎಷ್ಟು ದಿನದ ದುಡಿಮೆ ಇದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಪುಸ್ತಕದಲ್ಲಿ ಅದು ಒಂದು ಸಾಲು ಮಾತ್ರ.

ಹಾಗಾದರೆ ಪುಸ್ತಕ ಬೇಡ, ಕೆಲಸ ಒಂದೇ ಸಾಕೇ? ಫ್ಯಾರಡೆಯವರ ಜೀವನ ಹಾಗೆ ಹೇಳುವುದಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಫ್ಯಾರಡೆಯವರಿಗೆ ಗಣಿತ ಹೆಚ್ಚು ಬರುತ್ತಿರಲಿಲ್ಲ. ಅಯಸ್ಕಾಂತದ ಸುತ್ತ ಬಲರೇಖೆಗಳು ಹರಡಿವೆ ಎಂದು ಅವರು ಕಬ್ಬಿಣದ ಪುಡಿ ಉದುರಿಸಿ ಕಣ್ಣಾರೆ ಕಂಡರು. ಆದರೆ ಅದನ್ನು ಸಮೀಕರಣವಾಗಿ ಬರೆಯಲು ಅವರಿಂದ ಆಗಲಿಲ್ಲ. ಆ ಕಾರಣಕ್ಕೆ ಹಲವು ವಿದ್ವಾಂಸರು ಅವರ ಬಲರೇಖೆಗಳನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕೊನೆಗೆ ಕೇಂಬ್ರಿಡ್ಜ್‌ನಲ್ಲಿ ಓದಿದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬ ಯುವಕ 1850ರ ದಶಕದಲ್ಲಿ ಆ ಕೆಲಸ ಕೈಗೆತ್ತಿಕೊಂಡು ಫ್ಯಾರಡೆಯವರ ಚಿತ್ರಕ್ಕೆ ಗಣಿತದ ಭಾಷೆ ಕೊಟ್ಟರು. ಹಾಗೆಯೇ ವಿದ್ಯುದ್ವಿಭಜನೆಯ ಕೆಲಸದಲ್ಲಿ ಹೊಸ ಪದಗಳು ಬೇಕಾದಾಗ ಫ್ಯಾರಡೆ ಸಂಕೋಚಪಡದೆ ಗ್ರೀಕ್ ಬಲ್ಲ ವಿಲಿಯಂ ಹ್ಯೂವೆಲ್ ಅವರನ್ನು ಕೇಳಿದರು. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು ಹಾಗೆ ಬಂದವು. ಕೈಯಿಂದ ಕಲಿತವರಿಗೂ ಓದಿದವರ ನೆರವು ಬೇಕು, ಓದಿದವರಿಗೂ ಕೈಯಿಂದ ಕಲಿತವರ ನೆರವು ಬೇಕು. ಫ್ಯಾರಡೆ ಇಲ್ಲದಿದ್ದರೆ ಮ್ಯಾಕ್ಸ್‌ವೆಲ್‌ಗೆ ಬರೆಯಲು ಆ ಚಿತ್ರವೇ ಇರುತ್ತಿರಲಿಲ್ಲ.

ಇನ್ನು ನೋಟ್‌ಬುಕ್ಕಿನ ವಿಷಯ. ಕೇವಲ ಕೆಲಸ ಮಾಡುವುದರಿಂದ ಅನುಭವ ಬರುವುದಿಲ್ಲ. ಮಾಡಿದ್ದನ್ನು ಗಮನಿಸಬೇಕು, ಬರೆಯಬೇಕು, ಮತ್ತೆ ತಿರುಗಿ ನೋಡಬೇಕು. ಫ್ಯಾರಡೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಯೋಗಗಳ ದಿನಚರಿ ಬರೆದರು. ತಮ್ಮ ನೆನಪಿನ ಶಕ್ತಿ ಕಡಿಮೆ ಎಂದು ಗೊತ್ತಿದ್ದುದರಿಂದ ಪ್ರತಿ ಟಿಪ್ಪಣಿಗೂ ಸಂಖ್ಯೆ ಹಾಕಿದರು. ಕೊನೆಯ ಟಿಪ್ಪಣಿಯ ಸಂಖ್ಯೆ 16,041. ಅದು 1862ರ ಮಾರ್ಚ್‌ನಲ್ಲಿ ಬರೆದದ್ದು. ಅಯಸ್ಕಾಂತದಿಂದ ಬೆಳಕಿನ ವರ್ಣಪಟಲದ ಗೆರೆಗಳಲ್ಲಿ ಬದಲಾವಣೆ ಆಗುತ್ತದೆಯೇ ಎಂದು ಅವರು ಪರೀಕ್ಷಿಸಿದ್ದರು. ಏನೂ ಕಾಣಲಿಲ್ಲ ಎಂದು ಬರೆದರು. ಅವರ ಉಪಕರಣ ಅಷ್ಟು ಸೂಕ್ಷ್ಮವಾಗಿರಲಿಲ್ಲ. 1896ರಲ್ಲಿ ಹಾಲೆಂಡಿನ ಪೀಟರ್ ಝೀಮನ್ ಅದೇ ಪ್ರಯೋಗವನ್ನು ಉತ್ತಮ ಉಪಕರಣದಿಂದ ಮಾಡಿ ಬದಲಾವಣೆ ಕಂಡರು. ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಸಿಕ್ಕಿತು. ಫಲ ಸಿಗದ ಪ್ರಯೋಗವನ್ನೂ ಬರೆದಿಟ್ಟರೆ ಅದು ಮುಂದಿನವರಿಗೆ ದಾರಿಯಾಗುತ್ತದೆ.

ಫ್ಯಾರಡೆ ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಶುರು ಮಾಡಿದರು. ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗಾಗಿ ನಡೆಯುವ ಉಪನ್ಯಾಸ ಮಾಲೆಗಳಲ್ಲಿ ಹತ್ತೊಂಬತ್ತನ್ನು ಅವರೇ ನಡೆಸಿದರು. 1860-61ರಲ್ಲಿ ಒಂದು ಮೇಣದಬತ್ತಿಯನ್ನು ಮಕ್ಕಳ ಮುಂದೆ ಹಚ್ಚಿಟ್ಟು ಆರು ಉಪನ್ಯಾಸ ಕೊಟ್ಟರು. ಅದು ಏಕೆ ಉರಿಯುತ್ತದೆ, ಮೇಣ ಎಲ್ಲಿಗೆ ಹೋಗುತ್ತದೆ, ಜ್ವಾಲೆಯಿಂದ ನೀರು ಹೇಗೆ ಬರುತ್ತದೆ, ನಮ್ಮ ಉಸಿರಿಗೂ ಅದಕ್ಕೂ ಏನು ಸಂಬಂಧ ಎಂದು ಒಂದೊಂದನ್ನೂ ಮಾಡಿ ತೋರಿಸಿದರು. ಆ ಉಪನ್ಯಾಸಗಳು ಪುಸ್ತಕವಾಗಿ ಬಂದು ಇಂದಿಗೂ ಓದುಗರನ್ನು ಪಡೆಯುತ್ತಿವೆ. 1862ರಲ್ಲಿ ಶಾಲೆಗಳ ಬಗ್ಗೆ ವಿಚಾರಣೆ ಮಾಡುತ್ತಿದ್ದ ಸರ್ಕಾರಿ ಆಯೋಗದ ಮುಂದೆ ಹಾಜರಾಗಿ, ಮಕ್ಕಳಿಗೆ ಶಾಲೆಯಲ್ಲಿ ವಿಜ್ಞಾನ ಕಲಿಸಲೇಬೇಕು ಎಂದು ವಾದಿಸಿದರು.

ಅವರ ಜ್ಞಾನ ಸಮುದ್ರದ ದಡದವರೆಗೂ ಹೋಯಿತು. 1836ರಿಂದ ಸುಮಾರು ಮೂವತ್ತು ವರ್ಷ ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಸಲಹೆಗಾರರಾಗಿದ್ದರು. ಅಲ್ಲಿ ಎಣ್ಣೆ ದೀಪದ ಹೊಗೆ ಮತ್ತು ತೇವ ಗಾಜಿಗೆ ಕೂರುತ್ತಿತ್ತು. ಬೆಳಕು ಮಂಕಾದರೆ ಹಡಗಿನವರಿಗೆ ಅಪಾಯ. ಫ್ಯಾರಡೆ ಹೊಗೆಯನ್ನು ಹೊರಗೆ ಎಳೆಯುವ ಹೊಸ ರೀತಿಯ ಚಿಮಣಿ ಮಾಡಿಕೊಟ್ಟರು. ಅದರ ಪೇಟೆಂಟ್ ಹಕ್ಕನ್ನು ತಾವು ಇಟ್ಟುಕೊಳ್ಳದೆ ಅಣ್ಣ ರಾಬರ್ಟ್‌ಗೆ ಕೊಟ್ಟರು. ಒಂದು ಕಾಲದಲ್ಲಿ ಉಪನ್ಯಾಸಕ್ಕೆ ಷಿಲ್ಲಿಂಗ್ ಕೊಟ್ಟಿದ್ದ ಅದೇ ಅಣ್ಣ. ಕಾಮರ್ಸ್ ವಿದ್ಯಾರ್ಥಿನಿಯಾಗಿ ನನಗೆ ಈ ಲೆಕ್ಕ ಬಹಳ ಇಷ್ಟವಾಯಿತು.

ಸರ್ ಪದವಿ ಕೊಡುತ್ತೇವೆ ಎಂದಾಗ ಅವರು ಬೇಡ ಎಂದರು. ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು ಎರಡು ಸಲ ನಿರಾಕರಿಸಿದರು. ಯಾವ ಸಂಸ್ಥೆಯ ಅಧ್ಯಕ್ಷರು ಒಮ್ಮೆ ಅವರ ಪತ್ರಕ್ಕೆ ಉತ್ತರವನ್ನೂ ಬರೆದಿರಲಿಲ್ಲವೋ ಅದೇ ಸಂಸ್ಥೆ! ಹೊರಗಿನ ಕಂಪನಿಗಳಿಗೆ ಪರೀಕ್ಷೆ ಮಾಡಿಕೊಟ್ಟು ಬಹಳ ಹಣ ಗಳಿಸಬಹುದಿತ್ತು. ಸಂಶೋಧನೆಗೆ ಸಮಯ ಬೇಕೆಂದು ಅದನ್ನೂ ಕಡಿಮೆ ಮಾಡಿದರು. 1858ರಲ್ಲಿ ರಾಣಿ ವಿಕ್ಟೋರಿಯಾ ಅವರು ಹ್ಯಾಂಪ್ಟನ್ ಕೋರ್ಟ್‌ನಲ್ಲಿ ವಾಸಕ್ಕೆ ಒಂದು ಮನೆ ಕೊಟ್ಟರು. 1867ರ ಆಗಸ್ಟ್ 25ರಂದು ಫ್ಯಾರಡೆ ಅದೇ ಮನೆಯಲ್ಲಿ ತೀರಿಕೊಂಡರು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರು ತೀರಿಕೊಂಡು ಮೂವತ್ತೈದು ವರ್ಷವಾದ ಮೇಲೆ, 1902ರಲ್ಲಿ, ನಮ್ಮ ಕಾವೇರಿಯ ನೀರು ಶಿವನಸಮುದ್ರದಲ್ಲಿ ಜನರೇಟರ್‌ಗಳನ್ನು ತಿರುಗಿಸಿತು. ಆ ವಿದ್ಯುತ್ 90 ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ಅಲ್ಲಿ ತಿರುಗಿದ ಯಂತ್ರಗಳು ಎಷ್ಟೇ ದೊಡ್ಡದಾಗಿದ್ದರೂ ಅವುಗಳ ಒಳಗಿನ ತತ್ವ 1831ರ ಆ ತಾಮ್ರದ ತಟ್ಟೆಯದೇ. ಇಂದು ನಾವು ಈ ಲೇಖನ ಓದುತ್ತಿರುವ ಕೋಣೆಯ ಬೆಳಕಿಗೂ ಆ ಬೈಂಡಿಂಗ್ ಹುಡುಗನ ಕೈಗೂ ಸಂಬಂಧವಿದೆ.

ಈ ಜೀವನದಿಂದ ನಾನು ಏನು ಕಲಿತೆ? ಮಾಡಿ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ ಎಂಬುದು ಒಂದು. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಲಂಡನ್ನಿನಲ್ಲಿ ಆಗ ಅಂಗಡಿಗಳಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರು ಸಾವಿರಾರು ಮಂದಿ ಇದ್ದಿರಬೇಕು. ಅವರಲ್ಲಿ ಒಬ್ಬನೇ ಫ್ಯಾರಡೆ ಆದದ್ದು ಏಕೆ? ಅವನಿಗೆ ಶ್ರದ್ಧೆ ಇತ್ತು, ನಿಜ. ಆದರೆ ಓದಲು ಬಿಟ್ಟ ಮಾಲೀಕ ಇದ್ದರು. ಷಿಲ್ಲಿಂಗ್ ಕೊಟ್ಟ ಅಣ್ಣ ಇದ್ದ. ಸುಲಭವಾಗಿ ಅರ್ಥವಾಗುವಂತೆ ಪುಸ್ತಕ ಬರೆದ ಮಹಿಳೆ ಇದ್ದರು. ನಾಲ್ಕು ಟಿಕೆಟ್ ಕೊಟ್ಟ ಗಿರಾಕಿ ಇದ್ದರು. ಈ ನಾಲ್ವರಲ್ಲಿ ಒಬ್ಬರು ಇಲ್ಲದಿದ್ದರೂ ಬಹುಶಃ ಅವನು ಲಂಡನ್ನಿನ ಒಳ್ಳೆಯ ಬುಕ್ ಬೈಂಡರ್ ಆಗಿ ಬದುಕು ಮುಗಿಸುತ್ತಿದ್ದ.

ಆದ್ದರಿಂದ ನನ್ನ ಸಹಪಾಠಿಗಳಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ಒಂದು ಕೆಲಸವನ್ನಾದರೂ ಕೈಯಿಂದ ಕಲಿಯೋಣ. ಅಬ್ಬಾ ಅವರ ಅಂಗಡಿಯ ಲೆಕ್ಕವಾಗಲಿ, ಅಮ್ಮಿಯ ಹೊಲಿಗೆ ಯಂತ್ರವಾಗಲಿ, ಬ್ಯಾಂಕಿನ ಚಲನ್ ತುಂಬುವುದಾಗಲಿ, ಏನಾದರೂ ಸರಿ. ಕಲಿತದ್ದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ, ಆಗದಿದ್ದುದನ್ನೂ ಬರೆಯೋಣ. ಗುರುಗಳಲ್ಲಿ ಇನ್ನೊಂದು ವಿನಂತಿ. ನಮ್ಮ ಕಾಲೇಜಿನ ಲ್ಯಾಬ್ ಭಾನುವಾರ ಮುಚ್ಚಿರುತ್ತದೆ. ಅಂಗಡಿಗಳಿಗೂ ಭಾನುವಾರವೇ ರಜೆ. ತಿಂಗಳಿಗೆ ಒಂದು ಭಾನುವಾರ, ಶಾಲೆ ಬಿಟ್ಟು ಕೆಲಸ ಮಾಡುತ್ತಿರುವ ಹುಡುಗ ಹುಡುಗಿಯರಿಗಾಗಿ ಲ್ಯಾಬ್ ತೆರೆದು ಎರಡು ಪ್ರಯೋಗ ತೋರಿಸಬಹುದೇ? ಅವರು ದಿನವೂ ಕೈಯಿಂದ ಮಾಡುವ ಕೆಲಸದ ಹಿಂದಿನ ಕಾರಣ ಅವರಿಗೆ ತಿಳಿಯುತ್ತದೆ. ನಾವು ಪುಸ್ತಕದಲ್ಲಿ ಓದಿದ್ದನ್ನು ಅವರು ನಮಗೆ ಮಾಡಿ ತೋರಿಸುತ್ತಾರೆ. ವಿಜ್ಞಾನ ವಿಭಾಗದ ಗೆಳತಿಯರು ಒಪ್ಪಿದರೆ ಕುರ್ಚಿ ಹಾಕುವ, ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾವು ಕಾಮರ್ಸ್‌ನವರು ಬರುತ್ತೇವೆ. ಅವರಿಗೆ ಬೇಕಾಗಿರುವುದು ನಾಲ್ಕು ಟಿಕೆಟ್ ಮಾತ್ರ.